ಗೋಡೆಯ ಬರಿ ಮೊಳೆ

ಇಂಚರಳ ಹುಟ್ಟುಹಬ್ಬಕ್ಕೆ ಜಾದೂ ತೋರಿಸಲು ಬಂದಿದ್ದ ಪದ್ಮಾಕ್ಷಿ, ಅಜ್ಜಿಯರ ಅಂಗೈಯಲ್ಲಿ ಮಾಯವಾದ ನಾಣ್ಯವನ್ನು ಮಕ್ಕಳ ಕಿವಿಯಿಂದ ತೆಗೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಚರ ಮಾತ್ರ ಅವಳ ಸೆರಗು ಜಗ್ಗಿದಳು.

"ಆಂಟಿ, ನಮ್ಮಮ್ಮನ್ನೂ ಹಾಗೇ ತರ್ತೀರಾ?"

ತಾಯಿ ತೀರಿಕೊಂಡ ಮೇಲೆ ಅದು ಮಗುವಿನ ಮೊದಲ ಹುಟ್ಟುಹಬ್ಬ. ದೊಡ್ಡಪ್ಪ ಚಂದ್ರಮೌಳಿ ಸಿಡುಕಿದ.

"ಏನಮ್ಮಾ, ಭಾರಿ ಜಾದೂಗಾರ್ತಿ ಅಲ್ವಾ ನೀನು? ತಂದು ತೋರಿಸು. ಮಗು ಅತ್ತರೆ ಗಂಟುಮೂಟೆ ಕಟ್ಟು."

ಪದ್ಮಾಕ್ಷಿ ಮಂಡಿಯೂರಿ ಕೂತಳು. "ಅಮ್ಮನ್ನ ತರೋ ಜಾದೂ ಯಾರಿಗೂ ಬರಲ್ಲ, ಪುಟ್ಟಿ."

ಆಮೇಲೆ ಕೇಕಿನ ಹಿಂದಿನ ಗೋಡೆ ನೋಡಿದಳು. ಅಲ್ಲೊಂದು ಬರಿ ಮೊಳೆ, ಅದರ ಕೆಳಗೆ ಬಣ್ಣ ಮಾಸದ ಚೌಕ.

"ಆದ್ರೆ ಸಾರ್, ಈ ಮನೇಲಿ ನನಗಿಂತ ದೊಡ್ಡ ಜಾದೂಗಾರರೊಬ್ಬರು ಇದ್ದಾರೆ. ಅಲ್ಲಿದ್ದ ಫೋಟೋನೇ ಮಾಯ ಮಾಡಿದ್ದಾರೆ. ನಮ್ಮ ಕಸುಬಲ್ಲಿ, ಮಾಯ ಮಾಡಿದವರೇ ವಾಪಸ್ ತರಬೇಕು."

ಶುಭದಿನದಂದು ಇಂಚರಳ ತಾಯಿಯ ಹಾರ ಹಾಕಿದ ಫೋಟೋ ಕಣ್ಣಿಗೆ ಬೀಳಬಾರದೆಂದು ಬೆಳಿಗ್ಗೆ ಅದನ್ನು ತೆಗೆದಿಟ್ಟವನು ಚಂದ್ರಮೌಳಿಯೇ. ಅವನು ಒಳಗೆ ಹೋಗಿ ಬೀರುವಿನ ಹಿಂದಿನಿಂದ ಫೋಟೋ ತಂದ. ಒಣಗಿದ ಹಾರ ಬಿಡಿಸಿ, ಫೋಟೋವನ್ನು ಮೊಳೆಗೆ ತೂಗುಹಾಕಿದ.

ಇಂಚರ ಕೇಕಿನ ಮೊದಲ ಚೂರನ್ನು ಅಮ್ಮನ ಕಡೆಗೆ ಎತ್ತಿ ಹಿಡಿದಳು. ಕೈ ಎಟುಕಲಿಲ್ಲ.

ದೊಡ್ಡಪ್ಪನೇ ಅವಳನ್ನು ಎತ್ತಿಕೊಂಡ.