ಮೊದಲನೆಯದು ಗುರುವಿಗೆ

ಹೇಮಾವತಿ ನದಿಯ ದಂಡೆಯಲ್ಲಿ ಹೆಂಚಿನ ಒಂದು ಕಟ್ಟಡ. ಅಲ್ಲಿ ಚನ್ನಬೋರಯ್ಯನವರೆಂಬ ಹಿರಿಯರು ಆಲೂಗಡ್ಡೆಯಿಂದ ವೋಡ್ಕಾ ಇಳಿಸುತ್ತಿದ್ದರು. ಒಂದು ಭಟ್ಟಿಗೆ ನೂರು ಬಾಟಲಿ, ನೂರೊಂದನೆಯದು ಇಲ್ಲ. ಸರ್ಕಾರದ ಪರವಾನಗಿ ಪತ್ರ ದೇವರ ಪಟದ ಪಕ್ಕದಲ್ಲೇ ತೂಗುತ್ತಿತ್ತು. ಬೆಳಿಗ್ಗೆ ಎರಡಕ್ಕೂ ಹೂವು.

ಊರಿನವರು ಆ ಜಾಗವನ್ನು ಆಶ್ರಮ ಎನ್ನುತ್ತಿದ್ದರು. ಹಾಗೆಂದರೆ ಮನೆಯಲ್ಲಿ ಹೇಳಿ ಹೊರಡುವುದು ಸುಲಭ. ಗುರುಗಳು ಮಾತ್ರ ಕುಡಿಯುವವರಲ್ಲ. ನಾಲಿಗೆಗೆ ಮುಟ್ಟಿಸಿ ಉಗುಳುತ್ತಿದ್ದರು, ಅಷ್ಟೇ.

ಶಿಷ್ಯ ರಂಗಧಾಮ ಆರು ವರ್ಷದಿಂದ ಆಲೂಗಡ್ಡೆ ತೊಳೆಯುತ್ತಿದ್ದ. ಅವನಲ್ಲಿ ಎರಡು ದೋಷ: ಭಕ್ತಿ ಜಾಸ್ತಿ, ಮಾತು ಜಾಸ್ತಿ. ಆಸೆ ಮಾತ್ರ ಒಂದೇ, ತಾನೊಬ್ಬನೇ ಭಟ್ಟಿ ಇಳಿಸಬೇಕು. ಭಟ್ಟಿಮನೆಯ ಬೀಗದ ಕೈ ಗುರುಗಳ ಉಡಿದಾರದಲ್ಲಿತ್ತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಪಾಪ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ದಿನ ಗುರುಗಳೇ ಕರೆದು ಹೇಳಿದರು. "ಮೂರು ಸಲ ಭಟ್ಟಿ ನಿನಗೆ ಬಿಟ್ಟುಕೊಡ್ತೀನಿ. ಒಂದು ಸಲ ಸರಿಯಾಗಿ ಇಳಿಸಿದ್ರೂ ಬೀಗದ ಕೈ ನಿಂದು."

"ಇಲ್ಲಾಂದ್ರೆ, ಗುರುಗಳೇ?"

"ಆಲೂಗಡ್ಡೆ ಇದ್ದೇ ಇದೆಯಲ್ಲ. ತೊಳಿ."

ಮೊದಲ ಭಟ್ಟಿ ಹತ್ತಿತು. ತಾಮ್ರದ ಹಂಡೆ ಕಾದು, ಕೊಳವೆಯ ತುದಿಯಲ್ಲಿ ಹನಿ ಬಿತ್ತು. ರಂಗಧಾಮ ಮೊದಲ ಫಸಲು ದೇವರಿಗೆ ಎನ್ನುವ ಮನೆಯಲ್ಲಿ ಬೆಳೆದವನು. ಹಿತ್ತಾಳೆ ಲೋಟಕ್ಕೆ ಆ ಮೊದಲ ಹನಿಗಳನ್ನೇ ಹಿಡಿದು, ತಟ್ಟೆಯಲ್ಲಿ ದಾಸವಾಳದ ಜೊತೆ ಇಟ್ಟುಕೊಂಡು, ದಂಡೆಯಲ್ಲಿ ಕೂತಿದ್ದ ಗುರುಗಳಿಗೆ ಅಡ್ಡಬಿದ್ದ.

"ಏನಪ್ಪ ಇದು?"

"ಮೊದಲನೇದು ಗುರುವಿಗೆ."

ಗುರುಗಳು ಲೋಟವನ್ನು ಮೂಸಿದರು. ಕನ್ನಡಕ ತೆಗೆದು, ಟವೆಲಿನ ತುದಿಯನ್ನು ಲೋಟದಲ್ಲಿ ಅದ್ದಿ, ಎರಡೂ ಗಾಜು ಒರೆಸಿ ಹಾಕಿಕೊಂಡರು.

"ಆಹಾ. ಆಚೆ ದಡದ ಎಮ್ಮೆ ಕೊಂಬೂ ಕಾಣ್ತಿದೆ."

"ಕುಡಿಯಲ್ವಾ, ಗುರುಗಳೇ?"

"ಕುಡಿದ್ರೆ ಎಮ್ಮೆನೇ ಕಾಣಲ್ಲ ಕಣೋ. ಮೊದಲ ಪಾಲು ಕಣ್ಣು ಕೀಳೋ ವಿಷ. ಆರು ವರ್ಷದಿಂದ ನಾನು ಅದನ್ನ ನೆಲಕ್ಕೆ ಚೆಲ್ಲೋದು ನೋಡಿದ್ದೀಯ. ಯಾಕೆ ಅಂದ್ಕೊಂಡಿದ್ದೆ?"

"ಭೂಮಿತಾಯಿಗೆ ಅರ್ಪಿಸ್ತೀರ ಅಂದ್ಕೊಂಡಿದ್ದೆ."

ಗುರುಗಳು ಲೋಟದಲ್ಲಿದ್ದುದನ್ನು ನೆಲಕ್ಕೆ ಚೆಲ್ಲಿದರು.

"ಒಂದು ಸಲ ಆಯ್ತು," ಎಂದರು.

ಎರಡನೆಯ ಭಟ್ಟಿಗೆ ರಂಗಧಾಮ ಮೊದಲ ಪಾಲನ್ನು ಚೆಲ್ಲಿದ. ನಡುವಿನ ಪಾಲು ತಿಳಿಯಾಗಿ ಬಂತು. ಅದು ಮುಗಿದ ಮೇಲೂ ಹನಿ ಬೀಳುತ್ತಲೇ ಇತ್ತು. ಬರುವ ಲಕ್ಷ್ಮಿಯನ್ನು ಒದೆಯಬಾರದೆಂದು ಜಾಡಿ ತುಂಬುವವರೆಗೆ ಹಿಡಿದ.

ಗುರುಗಳು ಬಂದು ಮೂಗರಳಿಸಿದರು. ಒಂದು ಖಾಲಿ ಗೋಣಿಚೀಲವನ್ನು ನದಿಯಲ್ಲಿ ಅದ್ದಿ ತಂದು, ಸನ್ಮಾನಕ್ಕೆ ಶಾಲು ಹೊದಿಸುವಂತೆ ಶಿಷ್ಯನಿಗೆ ಹೊದಿಸಿದರು.

"ಮೂಸು."

"ಒದ್ದೆ ಗೋಣಿಚೀಲ, ಗುರುಗಳೇ."

"ಈಗ ಜಾಡಿ ಮೂಸು."

ರಂಗಧಾಮನ ಮುಖ ಸಪ್ಪಗಾಯಿತು. "ಅದೇ ವಾಸನೆ."

"ಕೊನೇ ಪಾಲು ಅಂದ್ರೆ ಇದು. ನಡುವಿಂದು ಎಷ್ಟು ಚೆನ್ನಾಗಿರ್ಲಿ, ಇದು ಸೇರಿದ್ರೆ ಎಲ್ಲಾ ಗೋಣಿಚೀಲನೇ."

"ಆದ್ರೆ ಇನ್ನೂ ಬರ್ತಾನೇ ಇತ್ತಲ್ಲ?"

"ಊಟ ಆದ ನೆಂಟರೂ ಕೂತೇ ಇರ್ತಾರೆ. ನಾವೇ ತಾಂಬೂಲ ಕೊಟ್ಟು ಎಬ್ಬಿಸ್ಬೇಕು. ಎರಡು ಸಲ ಆಯ್ತು."

ಮೂರನೆಯ ಭಟ್ಟಿಯ ದಿನ ರಂಗಧಾಮ ಯಾರೊಂದಿಗೂ ಮಾತಾಡಲಿಲ್ಲ. ಮೊದಲ ಪಾಲು ಚೆಲ್ಲಿದ. ನಡುವಿನದನ್ನು ಹಿಡಿದ. ಮಧ್ಯಾಹ್ನದ ಹೊತ್ತಿಗೆ ಕೊಳವೆಯ ನಲ್ಲಿ ನಿಲ್ಲಿಸಬೇಕೋ ಬೇಡವೋ ತಿಳಿಯದೆ ಗುರುಗಳ ಹತ್ತಿರ ಓಡಿದ. ಅವರು ಹೊಂಗೆ ಮರದ ಕೆಳಗೆ ಮಲಗಿದ್ದರು. ಇವನು ಹತ್ತಿರ ಹೋದಷ್ಟೂ ಅವರ ಗೊರಕೆ ಜೋರಾಯಿತು.

ಒಬ್ಬನೇ ಹಿಂದಿರುಗಿ ಬಂದ. ಬೆರಳಿಗೆ ಒಂದು ಹನಿ ಹಿಡಿದು ಮೂಸಿದ. ಇನ್ನೊಂದು. ಮತ್ತೊಂದು. ಅಲ್ಲೆಲ್ಲೋ ದೂರದಲ್ಲಿ ಗೋಣಿಚೀಲದ ವಾಸನೆ. ಜಾಡಿ ಇನ್ನೂ ನಾಲ್ಕು ಬೆರಳು ಖಾಲಿ ಇತ್ತು. ಆದರೂ ನಲ್ಲಿ ತಿರುಗಿಸಿ ನಿಲ್ಲಿಸಿದ.

ಲೋಟ ಹಿಡಿದು ಹೋದಾಗ ಗುರುಗಳು ಎದ್ದು ಕೂತಿದ್ದರು. ನಾಲಿಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿ ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡು, ಉಗುಳಿದರು.

"ಏನು ರುಚಿ, ಗುರುಗಳೇ?"

"ಏನೂ ಇಲ್ಲ."

"ವಾಸನೆ?"

"ಅದೂ ಇಲ್ಲ."

ರಂಗಧಾಮ ಅಂಗಿಯ ತೋಳು ಮಡಚಿಕೊಂಡು ಆಲೂಗಡ್ಡೆಯ ತೊಟ್ಟಿಯ ಕಡೆ ಹೊರಟ.

"ಎಲ್ಲಿಗೆ?"

"ತೊಳೆಯೋಕೆ."

"ಬಾ ಇಲ್ಲಿ." ಗುರುಗಳು ಉಡಿದಾರದ ಗಂಟು ಬಿಚ್ಚುತ್ತಿದ್ದರು. "ಏನೂ ಇಲ್ಲದ ಹಾಗೆ ಇಳಿಸೋಕೆ ನನಗೆ ಹನ್ನೊಂದು ವರ್ಷ ಹಿಡೀತು."

ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು.

ರಂಗಧಾಮ ಅವರ ಕಾಲು ಹಿಡಿದುಕೊಂಡು ಅತ್ತ. ಗುರುಗಳ ಕಣ್ಣೂ ಒದ್ದೆಯಾಯಿತು. ಅವನು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

"ನಂದೇನಿದೆ ಗುರುಗಳೇ, ಎಲ್ಲಾ ನಿಮ್ಮ ಕೃಪೆ. ನಾನು ನಿಮ್ಮ ಪಾದದ ಧೂಳು. ಒಂದೊಂದು ಬಾಟಲಿ ಮೇಲೂ ನಿಮ್ಮ ಫೋಟೋ ಹಾಕಿಸ್ತೀನಿ. ಮೂರು ಲೋಕ ಹುಡುಕಿದ್ರೂ ನಿಮ್ಮಂಥ ಗುರು, ನಿಮ್ಮಂಥ ಜ್ಞಾನಿ..."

ಗುರುಗಳು ತಲೆಯೆತ್ತಿ ಗಾಳಿಯನ್ನು ಎರಡು ಸಲ ಮೂಸಿದರು.

"ರಂಗಧಾಮ, ಗೋಣಿಚೀಲದ ವಾಸನೆ ಶುರುವಾಯ್ತು. ನಲ್ಲಿ ತಿರುಗಿಸು."