ಹಿರಿಯ ಸೊಸೆ ತೊಳೆದ ಅಕ್ಕಿ

“ಗುರುಗಳೇ, ಶುದ್ಧ ಆಹಾರ ಎಂದರೆ ಯಾವುದು? ಅದನ್ನು ಎಲ್ಲಿಂದ ಆರಂಭಿಸಬೇಕು?” ಎಂದು ಕೊಟ್ರಯ್ಯ ಕೇಳಿದ.

ಮಠದಲ್ಲಿ ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಕೊಟ್ರಯ್ಯನ ಜೊತೆಯಲ್ಲೇ ಕಲಿಯುತ್ತಿದ್ದ ಚನ್ನವೀರ ಕೆಲವು ದಿನಗಳಿಂದ ಕರಿದದ್ದನ್ನೂ ಸಿಹಿಯನ್ನೂ ಬಿಟ್ಟಿದ್ದ. ಮಠಕ್ಕೆ ಬಂದ ಭಕ್ತರು ಅವನನ್ನು ತೋರಿಸಿ, ಎಂಥ ನಿಯಮದ ಹುಡುಗ ಎಂದು ಹೊಗಳುತ್ತಿದ್ದರು. ಕೊಟ್ರಯ್ಯನನ್ನು ಯಾರೂ ತೋರಿಸುತ್ತಿರಲಿಲ್ಲ. ಗುರುಗಳಿಗೆ ಇದು ತಿಳಿಯದ ಸಂಗತಿಯೇನಲ್ಲ. ಅವರು ಉತ್ತರ ಹೇಳದೆ ಒಂದು ಕತೆ ಹೇಳಿದರು.

ಒಬ್ಬ ಧಾನ್ಯದ ವ್ಯಾಪಾರಿ ಇದ್ದ. ವಯಸ್ಸಾಗಿತ್ತು, ಹೆಂಡತಿ ತೀರಿಕೊಂಡಿದ್ದಳು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಹಿರಿಯ ಸೊಸೆ ಮದುವೆಯಾಗಿ ಬಂದಂದಿನಿಂದ ಮನೆಯ ಒಲೆ ಅವಳ ಕೈಯಲ್ಲಿತ್ತು. ಅವಳ ಅಡುಗೆಗೆ ಊರೇ ಹೆಸರು ಹೇಳುತ್ತಿತ್ತು. ಅವಳು ಒಗ್ಗರಣೆ ಹಾಕಿದರೆ ಬೀದಿಯ ಕೊನೆಯ ಮನೆಯವರಿಗೂ ಹಸಿವಾಗುತ್ತಿತ್ತು. ವ್ಯಾಪಾರಿ ಅದನ್ನೆಲ್ಲ ಬಾಯಿ ಚಪ್ಪರಿಸಿ ಉಂಡ. ಉಂಡೂ ಉಂಡೂ ಅವನ ಹೊಟ್ಟೆ ಕೆಟ್ಟಿತು. ಏನು ತಿಂದರೂ ಉರಿ, ಏನು ಕುಡಿದರೂ ಹುಳಿತೇಗು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಅವನು ಬಲ್ಲದ್ದು ರುಚಿ ಮಾತ್ರ.

ಆ ಹೊತ್ತಿಗೆ ಕಿರಿಯ ಸೊಸೆ ಮನೆಗೆ ಬಂದಳು. ಬಡವರ ಮನೆಯ ಹೆಣ್ಣುಮಗಳು. ಅವಳಿಗೆ ಬರುತ್ತಿದ್ದ ಅಡುಗೆಯೇ ನಾಲ್ಕು. ಹಿರಿಯಳು ತವರಿಗೆ ಹೋಗಿದ್ದಾಗ ಅವಳು ಒರಳಿನಲ್ಲಿ ಕುಟ್ಟಿದ ಕೆಂಪಕ್ಕಿಯನ್ನು ಗಂಜಿ ಬಸಿಯದೆ ಬೇಯಿಸಿದಳು. ಜೊತೆಗೆ ಒಂದಿಷ್ಟು ಸೊಪ್ಪು, ಒಂದು ಲೋಟ ಮಜ್ಜಿಗೆ. ಮಾವ ಮೂಗು ಮುರಿದುಕೊಂಡೇ ಉಂಡ. ಮರುದಿನ ತಾನಾಗಿ ಅದನ್ನೇ ಕೇಳಿದ. ಹಿರಿಯಳು ತವರಿನಿಂದ ಮರಳಿ ಬಂದಾಗ ಮುದುಕ ಜಗುಲಿಯ ಮೇಲೆ ಕುಳಿತು ದಾರಿಹೋಕರಿಗೆಲ್ಲ ಹೇಳುತ್ತಿದ್ದ: “ಚಿಕ್ಕ ಸೊಸೆ ಬಂದ ಮೇಲೆ ನನ್ನ ಹೊಟ್ಟೆ ತಣ್ಣಗಾಯ್ತು ಕಣ್ರಪ್ಪಾ.”

ಆ ಮಾತು ಹಿರಿಯಳ ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಇಷ್ಟು ವರ್ಷ ಒಲೆಯ ಹೊಗೆ ಕುಡಿದವಳು ತಾನು. ಮೊನ್ನೆ ಬಂದವಳು ನೀರಿಗೆ ಅಕ್ಕಿ ಹಾಕಿ ಕುದಿಸಿದಳು, ಹೆಸರು ಅವಳಿಗೆ. ಹಿರಿಯಳು ಕೈಯಲ್ಲಿದ್ದ ಗಂಟನ್ನು ಕೆಳಗಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತಳು. ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಆದರೆ ಅವಳು ಜಾಣೆ, ಜಗಳ ತೆಗೆಯಲಿಲ್ಲ.

ಅವಳು ಊರ ವೈದ್ಯನ ಬಳಿಗೆ ಹೋಗಿ ಮಾವನಿಗೆ ಎಂಥ ಊಟ ಹಾಕಬೇಕೆಂದು ಕೇಳಿದಳು. ವೈದ್ಯ ಎರಡು ಮಾತು ಹೇಳಿದ. ಶುದ್ಧವಾದ ಅನ್ನ ಹಾಕು ಎನ್ನುವುದು ಮೊದಲನೆಯ ಮಾತು. ಹೊಲದಿಂದ ಬಂದದ್ದು ಆದಷ್ಟೂ ಹೊಲದಿಂದ ಬಂದ ಹಾಗೆಯೇ ಇರಲಿ ಎನ್ನುವುದು ಎರಡನೆಯದು. ಎರಡನೆಯ ಮಾತು ಅವಳಿಗೆ ಹಿಡಿಸಲಿಲ್ಲ, ಏಕೆಂದರೆ ಅದು ಕಿರಿಯಳ ಅಡುಗೆಯಂತೆಯೇ ಇತ್ತು. ಅದನ್ನು ವೈದ್ಯನ ಅಂಗಳದಲ್ಲೇ ಬಿಟ್ಟು, ಮೊದಲನೆಯ ಮಾತನ್ನಷ್ಟೇ ಸೆರಗಿಗೆ ಕಟ್ಟಿಕೊಂಡು ಬಂದಳು.

ಅಂದಿನಿಂದ ಆ ಮನೆಯಲ್ಲಿ ಶುದ್ಧಿ ಶುರುವಾಯಿತು. ಕಿರಿಯಳು ಅಕ್ಕಿಯನ್ನು ಎರಡು ನೀರಿನಲ್ಲಿ ತೊಳೆಯುತ್ತಿದ್ದಳು. ಹಿರಿಯಳು ಬಾಗಿಲ ಸಂದಿಯಿಂದ ನೋಡಿ ಮೂರು ನೀರಿನಲ್ಲಿ ತೊಳೆದಳು. ಕಿರಿಯಳೂ ಮೂರು ಮಾಡಿದರೆ ಹಿರಿಯಳು ನಾಲ್ಕು ಮಾಡಿದಳು. ಕಿರಿಯಳು ಹಿಟ್ಟನ್ನು ಜರಡಿ ಹಿಡಿದರೆ ಹಿರಿಯಳು ತೆಳು ಬಟ್ಟೆಯಲ್ಲಿ ಸೋಸಿದಳು. ಕೆಂಪಕ್ಕಿಯನ್ನು ಮತ್ತೆ ಒರಳಿಗೆ ಹಾಕಿ, ತೌಡೆಲ್ಲ ಹಾರಿಹೋಗಿ ಬೆಳ್ಳಗಾಗುವವರೆಗೆ ಕುಟ್ಟಿಸಿದಳು. ತರಕಾರಿಯ ಸಿಪ್ಪೆ ತೆಗೆದಳು, ಸೊಪ್ಪನ್ನು ಬೇಯಿಸಿ ನೀರು ಹಿಂಡಿದಳು, ಅನ್ನದ ಗಂಜಿಯನ್ನು ಹನಿಯೂ ಉಳಿಯದಂತೆ ಬಸಿದಳು. ಅವಳ ಒಲೆಯೂ ಪಾತ್ರೆಯೂ ನೆಲವೂ ಫಳಫಳ ಹೊಳೆಯುತ್ತಿದ್ದವು. ತನ್ನ ಸೀರೆಯ ಅಂಚು ತಾಗಿದರೂ ಪಾತ್ರೆಯನ್ನು ಮತ್ತೆ ತೊಳೆಯುತ್ತಿದ್ದಳು. ಅತಿಯಾದರೆ ಅಮೃತವೂ ವಿಷ ಎಂದು ಅವಳಿಗೆ ಹೇಳುವವರು ಯಾರು?

ಬೆಳ್ಳಗಿನ ಅನ್ನ ಎಲೆಗೆ ಬಿದ್ದಾಗ ಮುದುಕನ ಕಣ್ಣು ಅರಳಿತು. ಮಲ್ಲಿಗೆ ಮೊಗ್ಗಿನ ಹಾಗಿದೆ, ದೊಡ್ಡವಳ ಕೈ ದೊಡ್ಡವಳದೇ ಎಂದ. ಹಿರಿಯಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಒಂದು ಒಲೆಗೆ ಇಬ್ಬರು ಬೇಡವೆಂದು ಕಿರಿಯಳನ್ನು ಕೊಟ್ಟಿಗೆಯ ಕೆಲಸಕ್ಕೆ ಕಳಿಸಿದಳು. ಕಿರಿಯಳು ಎದುರಾಡದೆ ಹೋದಳು.

ಮಳೆಗಾಲ ಕಳೆಯಿತು. ಮುದುಕ ಸೊರಗತೊಡಗಿದ. ಮೊದಲು ಕಾಲಿಗೆ ಜೋಮು ಹಿಡಿಯಿತು. ಆಮೇಲೆ ಪಾದ ಬಾತುಕೊಂಡಿತು. ಜಗುಲಿಗೆ ಬರಲೂ ಇಬ್ಬರು ಮಕ್ಕಳ ಹೆಗಲು ಬೇಕಾಯಿತು. ಹಿರಿಯಳು ಹೆದರಿ ಅನ್ನವನ್ನು ಇನ್ನಷ್ಟು ಶುದ್ಧ ಮಾಡಿದಳು.

ಇತ್ತ ಕೊಟ್ಟಿಗೆಯ ಎಮ್ಮೆ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಮುದುಕನ ಆರೋಗ್ಯ ವಿಚಾರಿಸಲು ಬಂದವರು ಮುದುಕನನ್ನು ನೋಡಿ ಲೊಚಗುಟ್ಟಿ, ಹೋಗುವಾಗ ಎಮ್ಮೆಯ ಮುಂದೆ ನಿಂತು ಬೆರಗಾಗುತ್ತಿದ್ದರು. ಯಾರ ಕೈಗುಣ ಇದು ಎಂದು ಕೇಳುತ್ತಿದ್ದರು. ಚಿಕ್ಕ ಸೊಸೆಯದು ಎಂದು ಗಂಡುಮಕ್ಕಳು ಹೇಳುತ್ತಿದ್ದರು. ಮತ್ತೆ ಅವಳ ಹೆಸರೇ! ಹಿರಿಯಳಿಗೆ ಎಮ್ಮೆಯ ಮೇಲೂ ಹೊಟ್ಟೆಕಿಚ್ಚಾಯಿತು. ನಗಬೇಡ ಕೊಟ್ರಯ್ಯ, ಆ ಕಿಚ್ಚಿಗೆ ಎಮ್ಮೆಯಾದರೇನು, ಮನುಷ್ಯರಾದರೇನು?

ಅವಳಿಗೊಂದು ಸಂಶಯ ಹುಟ್ಟಿತು. ಕಿರಿಯಳು ಮಾವನ ಪಾಲಿನ ಕಾಳು ಕದ್ದು ಎಮ್ಮೆಗೆ ಹಾಕುತ್ತಿರಬೇಕು. ಸಂಶಯ ಹುಟ್ಟಿದ ಮೇಲೆ ಅದೇ ನಿಜವಾಗಲಿ ಎಂದು ಆಸೆಪಟ್ಟಳು. ಕಳ್ಳತನ ಬಯಲಾದರೆ ಅವಳ ಹೆಸರು ಅಂದಿಗೆ ಮುಗಿಯುತ್ತದೆ. ಒಂದು ಬೆಳಿಗ್ಗೆ, ಎಮ್ಮೆಗೆ ತಿನ್ನಿಸುವ ಹೊತ್ತು ನೋಡಿ ಸದ್ದಿಲ್ಲದೆ ಕೊಟ್ಟಿಗೆಗೆ ನುಗ್ಗಿದಳು.

“ಏನೇ ಹಾಕ್ತಿದ್ದೀಯ ಇದಕ್ಕೆ? ತೋರಿಸು!”

ಕಿರಿಯಳು ಪಕ್ಕಕ್ಕೆ ಸರಿದು ನಿಂತಳು. ಹಿರಿಯಳು ಎಮ್ಮೆಯ ಮುಂದಿದ್ದ ಕಲಗಚ್ಚಿನ ಬಾನಿಗೆ ಕೈಹಾಕಿ ಕಲಕಿದಳು. ಒರಳಿನಿಂದ ಬಂದ ತೌಡು, ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಬಟ್ಟೆಯಲ್ಲಿ ಉಳಿದ ಹಿಟ್ಟಿನ ಬೂಸ, ತರಕಾರಿಯ ಸಿಪ್ಪೆ, ಸೊಪ್ಪು ಹಿಂಡಿದ ಹಸಿರು ನೀರು.

“ನೀವು ತೆಗೆದು ಚೆಲ್ಲಿದ್ದೇ ಅಕ್ಕಾ. ನನ್ನದು ಒಂದು ಕಾಳೂ ಇಲ್ಲ” ಎಂದಳು ಕಿರಿಯಳು.

“ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ಮಾವನ ಸ್ಥಿತಿ ನಿನ್ನ ಕಣ್ಣಿಗೆ ಬೀಳಲಿಲ್ವಾ?”

“ನಾನು ಹೇಳಿದ್ರೆ ನೀವು ಇನ್ನೊಂದು ನೀರು ಹೆಚ್ಚು ತೊಳೀತಿದ್ರಿ ಅಕ್ಕಾ.”

ಹಿರಿಯಳ ಕೈ ಬಾನಿಯಲ್ಲೇ ಇತ್ತು. ಮಾವನ ಎಲೆಯಿಂದ ತಾನು ಕಿತ್ತದ್ದೆಲ್ಲ ಬೆರಳಿಗೆ ಅಂಟಿಕೊಂಡಿತ್ತು. ಈಗ ಮಾಡಬೇಕಾದ್ದು ಏನೆಂದು ಅವಳಿಗೆ ತಿಳಿಯಿತು. ಹಾಗೆ ಮಾಡಿದರೆ ಕಿರಿಯಳ ಅಡುಗೆಯೇ ಸರಿಯಾಗಿತ್ತು ಎಂದು ಮನೆಗೂ ಊರಿಗೂ ಗೊತ್ತಾಗುತ್ತದೆ ಎನ್ನುವುದೂ ತಿಳಿಯಿತು. ಮಾವ ಹೋದರೂ ಹೋಗಲಿ, ಇವಳು ಗೆಲ್ಲಬಾರದು ಎಂಬ ಮಾತು ಅವಳ ಮನಸ್ಸಿನಲ್ಲಿ ಹಾದುಹೋಯಿತು. ಹಾದುಹೋದ ಮೇಲೆ ಅವಳಿಗೆ ತನ್ನ ಬಗ್ಗೆ ತನಗೇ ಭಯವಾಯಿತು. ಅವಳು ಕೆಟ್ಟವಳಲ್ಲ. ಆ ಮುದುಕ ಅವಳನ್ನು ಮಗಳೆಂದು ಕರೆದು ಮನೆ ತುಂಬಿಸಿಕೊಂಡವನು.

ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ಅಂದು ಕೆಂಪಕ್ಕಿಯನ್ನು ಕಸಕಡ್ಡಿ ಆರಿಸಿ, ಮಣ್ಣು ಹೋಗುವಷ್ಟೇ ತೊಳೆದು, ಗಂಜಿ ಬಸಿಯದೆ ಬೇಯಿಸಿದಳು. ಸೊಪ್ಪನ್ನು ಹಿಂಡಲಿಲ್ಲ. ಮಾವನ ಮುಂದೆ ಎಲೆ ಹಾಕಿ ಬಡಿಸಿದಳು. ಮುದುಕ ಒಂದು ತುತ್ತು ತಿಂದು ತಲೆಯೆತ್ತಿ, ಇದು ಯಾರ ಅಡುಗೆ ಎಂದು ಕೇಳಿದ. ನನ್ನದು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬೇಯಿಸಿದವಳು ಅವಳೇ, ಹಾಗೆಂದರೆ ಸುಳ್ಳೂ ಆಗುತ್ತಿರಲಿಲ್ಲ. ಅವಳು ಅದನ್ನು ನುಂಗಿಕೊಂಡಳು.

“ಚಿಕ್ಕವಳ ಅಡುಗೆ ಮಾವ. ಅವಳಿಂದ ಕಲಿತೆ” ಎಂದಳು.

ಅಷ್ಟು ಹೇಳಲು ಅವಳು ಪಟ್ಟ ಕಷ್ಟ ಅವಳಿಗೊಬ್ಬಳಿಗೇ ಗೊತ್ತು. ಸಂಜೆಗೆ ಕಿರಿಯಳನ್ನು ಒಲೆಯ ಹತ್ತಿರ ಕರೆದಳು. ಮುದುಕ ನಿಧಾನವಾಗಿ ಚೇತರಿಸಿಕೊಂಡ. ಸುಗ್ಗಿಯ ಕಾಲಕ್ಕೆ ಕೋಲೂರಿಕೊಂಡು ತನ್ನ ಅಂಗಡಿಗೆ ತಾನೇ ನಡೆದುಹೋದ.

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಯ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಕಿತ್ತು ಚೆಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಉಣ್ಣುವುದೇ ಶುದ್ಧ. ನಾಳೆಯಿಂದಲೇ ಶುರು ಮಾಡುತ್ತೇನೆ. ಪಾಪ, ಚನ್ನವೀರನಿಗೆ ಇದೆಲ್ಲ ಗೊತ್ತಿಲ್ಲ. ಇವತ್ತು ಹೋಳಿಗೆ ಮುಟ್ಟಲಿಲ್ಲ, ತುಪ್ಪಕ್ಕೆ ಕೈ ಅಡ್ಡ ಹಿಡಿದ, ಕೋಸಂಬರಿ ಎರಡು ಸಲ ಹಾಕಿಸಿಕೊಂಡ. ಆದರೆ ಅನ್ನ ಮಾತ್ರ ಬೆಳ್ಳಗಿನದನ್ನೇ ಉಂಡ, ಅದೂ ಎರಡು ಸೌಟು. ಸಾರು ಸ್ವಲ್ಪ ಉಳಿಸಿದ.”

ಗುರುಗಳು ಕೇಳಿದರು: “ಇರಲಿ ಕೊಟ್ರಯ್ಯ, ನೀನು ಏನು ಉಂಡೆ?”

ಕೊಟ್ರಯ್ಯ ಬಾಯಿ ತೆರೆದ. ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.