ಮುದಿ ತಮಟೆಯ ಕಾವು

ಗೆಜ್ಜೆಗಳು ಯಾವತ್ತೂ ಕುಣಿತ ಶುರುವಾಗುವ ಹೊತ್ತಿಗೇ ಬರುತ್ತಿದ್ದವು. ಆ ದಿನ ಮಾತ್ರ ಬೇಗ ಬಂದವು. ಅವಕ್ಕೆ ಮುದಿ ತಮಟೆಯ ಹತ್ತಿರ ಒಂದು ಮಾತು ಹೇಳುವುದಿತ್ತು.

"ಅಜ್ಜ, ನಿನ್ನ ಸದ್ದಿಗೆ ಕುಣಿದೇ ನಾವು ಸವೆದೆವು," ಎಂದಿತು ದೊಡ್ಡ ಗೆಜ್ಜೆ. "ಹೋದ ವರ್ಷ ನೀನು ಮೊರ ಬಡಿದ ಹಾಗೆ ಕೇಳಿಸಿದೆ. ನಮಗೇ ನಾಚಿಕೆಯಾಯಿತು. ಇನ್ನು ಸಾಕು ಮಾಡು. ಹಳೆಯ ಸದ್ದಾದರೂ ನಮ್ಮ ನೆನಪಿನಲ್ಲಿ ಉಳಿಯಲಿ."

ಪಕ್ಕದಲ್ಲಿ ಉರಿಯುತ್ತಿದ್ದ ಹುಲ್ಲಿನ ಬೆಂಕಿ ನಡುವೆ ಬಾಯಿ ಹಾಕಿತು. "ನಾನೂ ಅದನ್ನೇ ಹೇಳುತ್ತಿದ್ದೇನೆ. ಪ್ರತಿ ಸಲ ನನ್ನ ಮುಂದೆ ಕಾದು ಕಾದು ಅಜ್ಜನ ಚರ್ಮ ತೆಳ್ಳಗಾಗಿದೆ. ಇವತ್ತು ಕಾಯಿಸಿದರೆ ಹರಿದೇ ಹೋದೀತು."

ಗೆಜ್ಜೆಗಳು ಬೆಚ್ಚಿದವು. "ಪ್ರತಿ ಸಲ ಬೆಂಕಿಯೇ? ಆ ಸದ್ದು ನಿನಗೆ ಹುಟ್ಟಿನಿಂದಲೇ ಬಂದದ್ದು ಅಂದುಕೊಂಡಿದ್ದೆವು!"

"ಬೆಂಕಿಗೆ ಕಾಯದ ಚರ್ಮ ನುಡಿಯುವುದಿಲ್ಲ, ಮಕ್ಕಳೇ," ಎಂದಿತು ತಮಟೆ. "ನೀವು ಬರುವಷ್ಟರಲ್ಲಿ ಬೆಂಕಿ ಆರಿರುತ್ತಿತ್ತು. ಹೋದ ವರ್ಷ ಹರಿದೇನೆಂದು ಹೆದರಿ ಬೆಂಕಿಯಿಂದ ದೂರ ಕೂತೆ. ನೀವು ಕೇಳಿದ್ದು ಆ ಹೆದರಿಕೆಯನ್ನು."

ಅಷ್ಟು ಹೇಳಿ ತಮಟೆ ಉರಿಯ ಮೇಲಕ್ಕೆ ಬಾಗಿತು. ಚರ್ಮ ಬಿಗಿಯಿತು. ಮೊದಲ ಏಟು ಬಿತ್ತು.

ಇನ್ನೂ ಯಾರ ಕಾಲಿಗೂ ಕಟ್ಟದ ಗೆಜ್ಜೆಗಳು, ಬಿದ್ದಲ್ಲೇ ಝಲ್ಲೆಂದವು.